ಕಾವು ಬಿಟ್ಟೆದ್ದ ಬಾತು

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮ. ಅಲ್ಲಿ ಗುರು ನಿಂಬೆವ್ವ, ಶಿಷ್ಯೆ ದಾನಮ್ಮ, ಮತ್ತೆ ಇಬ್ಬರ ಮಾತನ್ನೂ ಕೇಳದ ಒಂದು ಸಾಕಿದ ಬಾತುಕೋಳಿ.

ನಿಂಬೆವ್ವ ಹಾಸಿಗೆ ಹಿಡಿದಿದ್ದರು. ದಾನಮ್ಮ ಅವರ ಮಗ್ಗುಲು ಬಿಟ್ಟು ಏಳುತ್ತಿರಲಿಲ್ಲ. ಎದ್ದರೆ ಅಷ್ಟರಲ್ಲೇ ಗುರುವಿನ ಉಸಿರು ನಿಂತುಹೋದೀತೆಂಬ ಭಯ ಅವಳಿಗೆ. ಊಟ ನಿಂತ ಕಾಲಲ್ಲಿ, ಸ್ನಾನ ನೆನಪಾದಾಗ. ಅಕ್ಕ ನೋಡಲು ಬಂದರೆ ಹೊಸ್ತಿಲಲ್ಲೇ ಮಾತಾಡಿಸಿ ಕಳಿಸಿದ್ದಳು.

ಇತ್ತೀಚೆಗೆ ಗಂಜಿ ಕುಡಿಸುವಾಗ ಅವಳ ಕೈಯಲ್ಲಿ ಸಿಡುಕು ಸೇರಿಕೊಂಡಿತ್ತು. ಅವಳಿಗೆ ಅದು ಗೊತ್ತಿರಲಿಲ್ಲ, ಪಾಪ.

ಬಾತು ಪಡಸಾಲೆಯ ಮೂಲೆಯಲ್ಲಿ ಕಾವಿಗೆ ಕೂತಿತ್ತು. ದಿನಾ ಬೆಳಿಗ್ಗೆ ತತ್ತಿಗಳ ಮೇಲೆ ಹುಲ್ಲು, ಪುಕ್ಕ ಎಳೆದು ಮುಚ್ಚಿ ಹೊಳೆಗೆ ಹೋಗುತ್ತಿತ್ತು.

ದಾನಮ್ಮನಿಗೆ ರೇಗಿತು.

"ತತ್ತಿ ಆರಾಕ ಬಿಟ್ಟು ಈಜಾಕ ಹೊಂಟಾಳ. ಇಕಿ ಎಂಥಾ ತಾಯಿರೀ, ಅವ್ವಾರ?"

ನಿಂಬೆವ್ವ ಮಲಗಿದಲ್ಲಿಂದಲೇ ಬಾತು ಹೋದ ದಾರಿ ನೋಡಿದರು.

ಬಾತು ಮರಳಿ ಬಂದು ಕೂತಿದ್ದೇ ತಡ, ದಾನಮ್ಮ ಅದರ ಮೇಲೆ ದೊಡ್ಡ ಬುಟ್ಟಿ ಕವುಚಿ ಕಲ್ಲು ಹೇರಿದಳು. ಒಳಗೆ ಕಾಳು, ನೀರು ಇಡುವುದನ್ನು ಮರೆಯಲಿಲ್ಲ.

ಬಾತು ಆ ದಿನವೆಲ್ಲ ಕೂಗಿತು. ಮರುದಿನ ಕೂಗಲಿಲ್ಲ, ಕಾಳನ್ನೂ ಮುಟ್ಟಲಿಲ್ಲ.

"ದಾನಿ, ಆ ಬುಟ್ಟಿ ತಗಿ," ಅಂದರು ನಿಂಬೆವ್ವ.

"ತಗದ್ರ ಎದ್ದು ಹೊಕ್ಕಾಳ್ರಿ. ಒಳಗಿನ ಮರಿ ಸತ್ರ?"

"ತಗಿಯವ್ವಾ."

ದಾನಮ್ಮ ತೆಗೆದಳು. ಬಾತು ಓಡಲಿಲ್ಲ. ಮೊದಲು ತತ್ತಿಗಳನ್ನು ಮುಚ್ಚಿತು. ಒಂದು ಕಡೆ ಹುಲ್ಲು ಸಾಲದೆನಿಸಿ ಮತ್ತಷ್ಟು ಎಳೆಯಿತು. ಆಮೇಲೆ ಹೊಳೆಯತ್ತ ನಡೆಯಿತು.

ಇಬ್ಬರೂ ಕಾದರು. ದಾನಮ್ಮ ಉಗುರು ಕಚ್ಚುತ್ತ ಕಾದಳು.

ಬಾತು ನೀರು ತೊಟ್ಟಿಕ್ಕಿಸುತ್ತ ಬಂದು, ಹಾಗೇ ತತ್ತಿಗಳ ಮೇಲೆ ಕೂತಿತು.

"ಅಯ್ಯ, ಒದ್ದಿ ಮೈಲೇ ಕುಂತಳಲ್ರೀ!"

"ಆ ಹಸಿ ಬೇಕು. ಬರೇ ಕಾವು ಕೊಟ್ರ ತತ್ತಿ ಒಳಗಿನ ಪೊರಿ ಒಣಗಿ ಬಿಗೀತೈತಿ. ಮರಿಗೆ ಅದನ್ನ ಹರಕೊಂಡು ಹೊರಗ ಬರಾಕ ಆಗಂಗಿಲ್ಲ."

ದಾನಮ್ಮ ಬುಟ್ಟಿಯನ್ನು ಗೋಡೆಯತ್ತ ಸರಿಸಿದಳು.

"ನಾ ಒಳ್ಳೇದಕ್ಕಂತ ಮುಚ್ಚಿದ್ದೆ ರೀ."

"ನನಗ ಗೊತ್ತಿಲ್ಲೇನು? ಕಾಳೂ ಇಟ್ಟಿದ್ದಿ."

ನಿಂಬೆವ್ವ ಕಂಬಳಿಯನ್ನು ತಾವೇ ಗದ್ದದವರೆಗೆ ಎಳೆದುಕೊಂಡರು. ಅಷ್ಟಕ್ಕೇ ಏದುಸಿರು ಬಂತು.

"ಇನ್ನ ನೀ ಹೊಳಿಗೆ ಹೋಗು. ಮನಸು ತುಂಬೂಮಟ ಈಜು. ಹಂಗ ನಿಮ್ಮಕ್ಕನ ಮನ್ಯಾಗ ಕುಂತು ಉಂಡು ಬಾ."

"ನಾ ಇಲ್ಲದಾಗ ನಿಮಗೇನರ ಆದ್ರ?"

"ಆಗಬಹುದು."

ದಾನಮ್ಮ ಅತ್ತೇಬಿಟ್ಟಳು. "ಹಂಗಂದ್ರ ನಾ ಹೆಂಗ ಹೋಗ್ಲಿ, ಅವ್ವಾರ?"

ನಿಂಬೆವ್ವ ಅವಳ ಅಂಗೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು.

"ಈ ಕೈ ಒಣಗೈತಿ, ಮಗಳ. ತೋಯಿಸ್ಕೊಂಡು ಬಂದು ನನ್ನ ಮುಟ್ಟು."