ಹುಲಿ ಕಾಣದೆ ಕೂಗಬಾರದು ಅಂದುಕೊಂಡಿದ್ದ ಜಿಂಕೆ

ಬನ್ನಿ ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ. ನಡುವೆ ಗಲಾಟೆ ಮಾಡಿದರೆ ನಾನು ಎದ್ದು ಹೋಗ್ತೀನಿ, ಈಗಲೇ ಹೇಳಿದೀನಿ. ಒಂದು ರಾಜ್ಯವಿತ್ತಂತೆ. ಅದರ ರಾಜ ಯಾರು ಅಂತ ಕೇಳಬೇಡಿ, ಅವನು ಈ ಕಥೆಯೊಳಗೆ ಬರೋದೇ ಇಲ್ಲ. ರಾಜ್ಯದ ಅಂಚಿಗೆ ಒಂದು ಕಾಡು. ಕಾಡಿನೊಳಗೆ ಒಂದು ಮಡು. ಮಡುವಿನ ಈಚೆಗೆ ಹುಲ್ಲುಗಾವಲು. ಆ ಹುಲ್ಲುಗಾವಲಿನಲ್ಲಿ ಒಂದು ಜಿಂಕೆ ಮಂದೆ. ಮಂದೆಯಲ್ಲಿ ಕೆಂಚವ್ವ ಅಂತ ಒಂದು ಹೆಣ್ಣು ಜಿಂಕೆ.

ಜಿಂಕೆಗಳಿಗೆ ಒಂದು ಕಟ್ಟಳೆ ಇತ್ತು. ಹುಲಿ ಕಂಡರೆ ಕೂಗಬೇಕು. ಕೂಗು ಕೇಳಿದರೆ ಎಲ್ಲರೂ ಒಟ್ಟಾಗಬೇಕು. ಹುಲಿ ಕಾಣದೆ ಕೂಗಿದವರನ್ನು ಮಂದೆಯಿಂದ ಆಚೆ ಹಾಕಬೇಕು. ಹಾಗಾಗಿ ಯಾರೂ ಕೂಗಲಿಲ್ಲ ಅಂದರೆ ಎಲ್ಲರೂ ಕ್ಷೇಮ ಅಂತಲೇ ಅವರ ಲೆಕ್ಕ. ಕಟ್ಟಳೆ ಒಳ್ಳೆಯದೇ. ಆದರೆ ಅದರಲ್ಲಿ ಒಂದು ತೂತಿತ್ತು.

ಆ ವರ್ಷ ಮಳೆಗೆ ಹಳ್ಳ ತುಂಬಿ ಬಂತು. ಕೆಂಚವ್ವನ ಮರಿ ಅವಳ ಕಣ್ಣೆದುರಿಗೇ ಕೊಚ್ಚಿಹೋಯಿತು. ಪಾಪ, ತಾಯಿ ದಡದುದ್ದಕ್ಕೂ ಓಡಿದಳು, ಸಿಗಲಿಲ್ಲ. ಮೊದಮೊದಲು ಎಲ್ಲರೂ ಬಂದು ಮೈ ನೆಕ್ಕಿ ಸಮಾಧಾನ ಹೇಳಿದರು. ಆಮೇಲೆ ಎಳೆಹುಲ್ಲು ಚಿಗುರಿತು, ಎಲ್ಲರೂ ಮೇಯೋಕೆ ಹೋದರು. ಕೆಂಚವ್ವನಿಗೆ ಮಾತ್ರ ಹುಲ್ಲು ಗಂಟಲಲ್ಲಿ ಇಳಿಯಲಿಲ್ಲ, ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಎದೆಯ ಮೇಲೆ ಬಂಡೆ ಇಟ್ಟಹಾಗೆ ಆಗುತ್ತಿತ್ತು. ಯಾರಿಗಾದರೂ ಹೇಳೋಣ ಅನ್ನಿಸುತ್ತಿತ್ತು. ಹುಲಿ ಎಲ್ಲಿದೆ ಅಂತ ಕೇಳಿದರೆ ಏನು ತೋರಿಸಲಿ ಅಂದುಕೊಂಡು ಸುಮ್ಮನಾಗುತ್ತಿದ್ದಳು. ಅವಳು ಕೂಗಲಿಲ್ಲ. ಇವರು ಕೇಳಲಿಲ್ಲ.

ಇದನ್ನೆಲ್ಲ ಒಬ್ಬ ನೋಡುತ್ತಿದ್ದ. ಗುಳ್ಳೆನರಿ! ಮಡುವಿನ ಜೊಂಡಿನೊಳಗೆ ಒಂದು ಮುದಿ ಹುಲಿ ಮಲಗಿತ್ತು. ಅದಕ್ಕೆ ಓಡಿ ಬೇಟೆಯಾಡೋ ತಾಕತ್ತಿಲ್ಲ. ಒಂಟಿಯಾದವರನ್ನು ಪುಸಲಾಯಿಸಿ ಅದರ ಬಾಯಿಗೆ ಒಯ್ಯೋದು, ಮಿಕ್ಕಿದ್ದನ್ನು ತಾನು ತಿನ್ನೋದು, ಇದು ಈ ನರಿಯ ಕಸುಬು. ಅವನ ಬಾಯಿಗಿಷ್ಟು ಮಣ್ಣು ಹಾಕ.

ಮೊದಲನೇ ದಿನ ನರಿ ಬಂದ. "ಅಯ್ಯೋ ಅಕ್ಕಾ, ಎಷ್ಟು ಸೊರಗಿದ್ದೀಯ! ಯಾರಿಗೂ ಹೇಳಬೇಡ, ನಗ್ತಾರೆ" ಅಂದ. ಕೆಂಚವ್ವ ಮಂದೆಯಿಂದ ಸ್ವಲ್ಪ ದೂರ ನಿಂತು ಮೇಯತೊಡಗಿದಳು.

ಎರಡನೇ ದಿನ ಮತ್ತೆ ಬಂದ. "ನಿನ್ನ ಸಂಕಟ ಬೇರೆಯವರ ಮರಿಗಳಿಗೂ ತಟ್ಟುತ್ತೆ ಅಕ್ಕಾ. ದೂರ ಇದ್ದರೆ ಅವರಿಗೇ ಒಳ್ಳೇದು" ಅಂದ. ಕೆಂಚವ್ವ ಹುಲ್ಲುಗಾವಲಿನ ಕೊನೆಗೇ ಹೋಗಿಬಿಟ್ಟಳು.

ಮೂರನೇ ದಿನ ಬಂದವನು ಕಿವಿಯ ಹತ್ತಿರ ಪಿಸುಗುಟ್ಟಿದ. "ಆ ಮಡುವಿನ ನೀರು ಕುಡಿದರೆ ಎಲ್ಲ ನೋವೂ ಮುಗಿದುಹೋಗುತ್ತೆ. ನಡಿ, ನಾನೂ ಬರ್ತೀನಿ."

ಕೆಂಚವ್ವ ಹಿಂದೆಯೇ ನಡೆದಳು. ದಾರಿಯಲ್ಲಿ ಗಾಳಿ ತಿರುಗಿ ಹುಲಿಯ ವಾಸನೆ ಬಂದಹಾಗಾಯಿತು. ಇದ್ದರೆ ಇರಲಿ, ನಾನಿಲ್ಲದಿದ್ದರೆ ಯಾರಿಗೇನು ನಷ್ಟ ಅಂದುಕೊಂಡಳು. ನೋಡಿ ಮಕ್ಕಳೇ, ನೋವು ಅಷ್ಟು ಹೆಚ್ಚಾದಾಗ ಮನಸ್ಸು ಹೀಗೆಲ್ಲ ಸುಳ್ಳು ಹೇಳುತ್ತೆ.

ದಾರಿಯಲ್ಲೊಂದು ಅತ್ತಿಮರ. ಮರದ ಮೇಲೆ ಮೊಂಡುಬಾಲದ ನಿಂಗವ್ವ ಅಂತ ಒಂದು ಮುಸುವ, ಕಪ್ಪು ಮುಖದ ಮುದಿ ಕೋತಿ, ಹಣ್ಣು ತಿನ್ನುತ್ತ ಕೂತಿದ್ದಳು. ಮಂದೆಯ ಜಿಂಕೆ ನರಿಯ ಜೊತೆ ಹೋಗೋದುಂಟೇ? ಬಾಯಲ್ಲಿದ್ದ ಹಣ್ಣನ್ನೂ ಉಗಿದು ದಡದಡ ಇಳಿದು ಬಂದಳು.

"ಎಲ್ಲಿಗೆ ಹೊರಟೆ ಕೆಂಚವ್ವ?"

"ನೀರಿಗೆ" ಅಂದಳು ಕೆಂಚವ್ವ.

"ನನಗೂ ಬಾಯಾರಿಕೆ, ಅದಕ್ಕೇ ಜೊತೆಗೆ ಹೊರಟೆವು" ಅಂತ ನರಿ ಬಾಯಿ ಹಾಕಿದ.

"ನಿನ್ನವರೆಲ್ಲ ಎಲ್ಲಿ?"

"ಮೇಯ್ತಿದ್ದಾರೆ. ನಾನು ಚೆನ್ನಾಗಿದ್ದೀನಿ, ಬಿಡು."

ಮರಿ ಹೋದ ಸುದ್ದಿ ಗೊತ್ತಿದ್ದ ನಿಂಗವ್ವ ಬಿಡಲಿಲ್ಲ. ಎದುರಿಗೆ ಕೂತು ಮೂರನೇ ಮಾತು ಕೇಳಿದಳು. "ನೇರವಾಗಿ ಕೇಳ್ತೀನಿ ಕಣವ್ವ, ಬೇಜಾರು ಮಾಡ್ಕೋಬೇಡ. ಸಾಯೋ ಯೋಚನೆ ಬಂದಿದೆಯಾ?"

"ಛೀ ಛೀ! ಅಂಥ ಮಾತು ಬಾಯಲ್ಲಿ ಆಡ್ತಾರಾ? ಕೇಳಿದರೆ ಇಲ್ಲದ ಯೋಚನೆಯೂ ಬರುತ್ತೆ!" ಅಂತ ನರಿ ಹಾರಾಡಿದ.

ಶುದ್ಧ ಸುಳ್ಳು! ಕೇಳಿದ್ದರಿಂದ ಯಾರಿಗೂ ಆ ಯೋಚನೆ ಬರೋದಿಲ್ಲ. ಬಂದವರಿಗೆ ಹೇಳಿಕೊಳ್ಳೋಕೆ ದಾರಿಯಾಗುತ್ತೆ, ಅಷ್ಟೇ.

ಕೆಂಚವ್ವನ ಕಣ್ಣು ತುಂಬಿತು. "ಹೂಂ ನಿಂಗವ್ವ. ಬಂದಿದೆ" ಅಂದಳು. ಅಂದವಳೇ ಗಳಗಳ ಅತ್ತಳು.

ನಿಂಗವ್ವ ಬುದ್ಧಿ ಹೇಳಲಿಲ್ಲ, ಬೈಯಲಿಲ್ಲ. ಬೆನ್ನು ಸವರಿದಳು. "ಹೇಳಿದೆಯಲ್ಲ ತಾಯಿ, ಒಳ್ಳೇದಾಯ್ತು. ನಾನು ಇಲ್ಲೇ ಇರ್ತೀನಿ, ಎಲ್ಲೂ ಹೋಗಲ್ಲ. ಈಗ ಕೂಗು. ನಿನ್ನವರು ಬರಲಿ."

"ಹುಲಿ ಕಾಣದೆ ಹೆಂಗೆ ಕೂಗಲವ್ವ?"

"ಅದನ್ನೇ ನಾನೂ ಹೇಳೋದು!" ಅಂದ ನರಿ. "ಇಲ್ಲಿ ಹುಲಿಯೂ ಇಲ್ಲ ಗಿಲಿಯೂ ಇಲ್ಲ. ಕೂಗಿದರೆ ಮಂದೆಯಿಂದ ಓಡಿಸ್ತಾರೆ."

ಮಡುವಿನ ಜೊಂಡು ಅಲುಗಿದ್ದು ಮರದ ಮೇಲಿಂದಲೇ ನಿಂಗವ್ವನ ಕಣ್ಣಿಗೆ ಬಿದ್ದಿತ್ತು. ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹುಲಿ ಇಲ್ವಾ ನರಿಯಣ್ಣ? ಹಾಗಾದರೆ ಆ ಜೊಂಡಿನ ಪಕ್ಕ ಹೋಗಿ ಒಂದು ಗುಟುಕು ಕುಡಿದು ಬಾ. ಬಾಯಾರಿಕೆ ಅಂದೆಯಲ್ಲ."

"ಬಾಯಾರಿಕೆ ಹೋಯ್ತು."

"ಕುಡಿಯೋದು ಬೇಡ, ಕಾಲಾದರೂ ತೊಳ್ಕೊಂಡು ಬಾ."

"ನೆಗಡಿ ಆಗಿದೆ, ನೀರು ಸೋಕಬಾರದು."

"ನೀರೂ ಸೋಕೋದು ಬೇಡ. ಸುಮ್ಮನೆ ಇಣುಕಿ ಬಾ."

"ಕಾಲು ಉಳುಕಿದೆ!" ಅಂದ ನರಿ. ಹೊಟ್ಟೆಗಿಲ್ಲದೆ ಕೂತ ಹುಲಿ ಜಿಂಕೆ ಯಾವುದು ನರಿ ಯಾವುದು ಅಂತ ನೋಡೋದಿಲ್ಲ, ಅದು ಅವನಿಗೆ ಚೆನ್ನಾಗಿ ಗೊತ್ತು. ನಾಲ್ಕು ಕಾಲೂ ಗಡಗಡ ನಡುಗುತ್ತಿದ್ದವು.

ಕೆಂಚವ್ವ ಅದನ್ನು ನೋಡಿದಳು. ಇವನು ತನ್ನನ್ನು ಎಲ್ಲಿಗೆ ಕರೆದೊಯ್ಯುತ್ತಿದ್ದ ಅಂತ ಅರ್ಥವಾಯಿತು. ಎಷ್ಟೋ ದಿನದ ಮೇಲೆ ಅವಳಿಗೆ ಸಿಟ್ಟು ಬಂತು. ಕತ್ತೆತ್ತಿದಳು. ಮೊದಲ ಸಲ ಬರೀ ಉಸಿರು ಬಂತು. ಎರಡನೇ ಸಲ ಕೀರಲು ದನಿ. ಮೂರನೇ ಸಲ ಕೂಗಿದಳು ನೋಡಿ, ಕಾಡಿಗೆ ಕಾಡೇ ಎದ್ದು ಕೂತಿತು!

ಮಂದೆಗೆ ಮಂದೆಯೇ ಓಡಿ ಬಂತು. ಕೊಂಬಿನವರೆಲ್ಲ ಮುಂದೆ ನಿಂತರು. ಮರಮರದ ಮೇಲೂ ಮುಸುವಗಳು ಕೂಗಿದವು. ಗುಟ್ಟು ರಟ್ಟಾದ ಮೇಲೆ ಹುಲಿಗೆ ಬೇಟೆ ಎಲ್ಲಿಂದ? ಅದು ಗುರ್ ಅಂತ ಜೊಂಡಿನಿಂದ ಎದ್ದು, ಹತ್ತಿರ ಸಿಕ್ಕ ನರಿಯ ಮೇಲೇ ಹಾರಿತು. ಉಳುಕಿದ ಕಾಲು ಆಗ ಹೇಗೆ ಸರಿಹೋಯಿತೋ ಕಾಣೆ! ನರಿ ಬಾಲದ ಕೂದಲನ್ನು ಹುಲಿಯ ಪಂಜದಲ್ಲೇ ಬಿಟ್ಟು, ಆ ಕಾಡನ್ನೇ ಬಿಟ್ಟು ಓಡಿದ. ಹುಲಿ ಎರಡು ಹೆಜ್ಜೆ ಅಟ್ಟಿ, ಏದುಸಿರು ಬಿಡುತ್ತ ಗುಡ್ಡದಾಚೆಗೆ ಹೋಯಿತು.

"ಹುಲಿ ಹೋಯ್ತು, ಬಾರೇ" ಅಂದಳು ಮಂದೆಯ ಹಿರಿಯಳಾದ ದೊಡ್ಡವ್ವ.

ಕೆಂಚವ್ವ ಕದಲಲಿಲ್ಲ. "ದೊಡ್ಡವ್ವ, ನಾನು ಕೂಗಿದ್ದು ಹುಲಿ ಕಂಡು ಅಲ್ಲ. ನನಗೆ ಬದುಕೋದೇ ಕಷ್ಟವಾಗಿದೆ, ಅದಕ್ಕೆ ಕೂಗಿದೆ. ಆಚೆ ಹಾಕೋದಾದರೆ ಹಾಕಿ."

ದೊಡ್ಡವ್ವ ಅವಳ ಕೊರಳಿಗೆ ಕೊರಳು ಹಚ್ಚಿ ಅತ್ತಳು. "ನೀನು ಕೂಗಲಿಲ್ಲ, ಚೆನ್ನಾಗಿದ್ದೀಯ ಅಂದುಕೊಂಡೆವಲ್ಲೇ ಮಗಳೇ. ನಾವೇ ಬಂದು ಕೇಳಬೇಕಿತ್ತು."

ನಿಂಗವ್ವ ಅಲ್ಲಿಗೇ ಮುಗಿಸಲಿಲ್ಲ. "ಅಳೋದು ಆಮೇಲೆ. ಇದಕ್ಕೆ ಮದ್ದು ಗೊತ್ತಿರೋರ ಹತ್ತಿರ ಹೋಗೋಣ ನಡೀರಿ" ಅಂದಳು. ಬಿದಿರುಮೆಳೆಯಲ್ಲಿ ಆನೆ ಮಾದಜ್ಜಿ ಇದ್ದಳು, ಕಾಡಿನ ವೈದ್ಯಳು. ಅವಳು ಎಲ್ಲ ಕೇಳಿಸಿಕೊಂಡಳು. "ಇದು ಸೊಕ್ಕಲ್ಲ, ನಾಟಕವಲ್ಲ. ಕಾಲು ಮುರಿದಷ್ಟೇ ನಿಜವಾದ ನೋವು. ವಾಸಿಯಾಗುತ್ತೆ, ಒಂದೇ ದಿನಕ್ಕಲ್ಲ. ದಿನಾ ನನ್ನ ಹತ್ತಿರ ಬಾ, ಬೇರು ಕೊಡ್ತೀನಿ, ಮಾತಾಡೋಣ. ನೀವೆಲ್ಲ ಇವಳನ್ನು ಒಬ್ಬಳನ್ನೇ ಬಿಡಬೇಡಿ" ಅಂದಳು.

ಮಂದೆ ಕಟ್ಟಳೆಯನ್ನು ತಿದ್ದಿತು. ಹುಲಿ ಕಂಡರೂ ಕೂಗಬಹುದು, ಮನಸ್ಸು ಸೋತರೂ ಕೂಗಬಹುದು. ಮತ್ತೆ, ಕೂಗದೆ ಇರೋರನ್ನೂ ಬೆಳಿಗ್ಗೆ ಎದ್ದು ಮಾತಾಡಿಸಬೇಕು. ಕೆಂಚವ್ವ ನಿಧಾನವಾಗಿ ಹುಲ್ಲು ಮುಟ್ಟಿದಳು. ಕೆಲವು ದಿನ ಚೆನ್ನಾಗಿರುತ್ತಿದ್ದಳು. ಕೆಲವು ದಿನ "ಇವತ್ತು ಆಗ್ತಿಲ್ಲ ದೊಡ್ಡವ್ವ" ಅನ್ನುತ್ತಿದ್ದಳು. ಆ ದಿನ ದೊಡ್ಡವ್ವ ಬೇರೆ ಕಡೆ ಹೋಗದೆ ಅವಳ ಪಕ್ಕದಲ್ಲೇ ಮೇಯುತ್ತಿದ್ದಳು.

ನೀತಿ ಏನಪ್ಪಾ ಅಂದರೆ, ಯಾರಿಗೂ ಹೇಳಬೇಡ, ಒಬ್ಬನೇ ಇರು ಅನ್ನೋನು ನಿಮ್ಮವನಲ್ಲ. ಮನಸ್ಸಿಗೆ ತಡೆಯೋಕೆ ಆಗದಿದ್ದರೆ ಮನೆಯವರಿಗೆ ಹೇಳಿ, ಗೆಳೆಯರಿಗೆ ಹೇಳಿ, ಡಾಕ್ಟರ ಹತ್ತಿರ ಹೋಗಿ. ಫೋನು ಮಾಡಿದರೆ ಕೂತು ಕೇಳಿಸಿಕೊಳ್ಳೋ ಸಹಾಯವಾಣಿಗಳೂ ಇವೆ. ಒಬ್ಬರು ಕೇಳಲಿಲ್ಲ ಅಂದರೆ ಇನ್ನೊಬ್ಬರಿಗೆ ಹೇಳಿ, ಕೇಳೋರು ಸಿಗೋತನಕ ಹೇಳಿ. ನಿಮ್ಮ ಪಕ್ಕದವರು ಸುಮ್ಮನಿದ್ದರೆ ಕ್ಷೇಮವಾಗಿದ್ದಾರೆ ಅಂತ ತಿಳ್ಕೋಬೇಡಿ, ಹೋಗಿ ಕೇಳಿ.