ಉಪ್ಪಿಗೆ ಹೆದರದ ಕೆಂಪು

“ಗುರುಗಳೇ, ಎಷ್ಟು ದಂಡಿಸಿದರೂ ಬಗ್ಗದವರನ್ನು ಇನ್ನೇನು ಮಾಡಬೇಕು?” ಎಂದು ಶಿಷ್ಯನೊಬ್ಬ ಕೇಳಿದ.

ಅವನು ದೊಡ್ಡ ಜಮೀನಿನ ಒಡೆಯ. ನಡುಹಗಲಿನ ಬಿಸಿಲಲ್ಲಿ ಒಂದಿಷ್ಟು ಹೊತ್ತು ನೆರಳಿಗೆ ಕೂರಲು ಬಿಡಿ ಎಂದು ಅವನ ಆಳುಗಳು ಕೇಳಿದ್ದರು. ಅವನು ಅವರ ಮಧ್ಯಾಹ್ನದ ಅಂಬಲಿ ನಿಲ್ಲಿಸಿದ. ಅವರು ಮತ್ತೆ ಕೇಳಿದರು. ಬದುವಿನ ಮೇಲಿದ್ದ ಹೊಂಗೆಮರಗಳನ್ನೇ ಕಡಿಸಿದ. ಅವರು ಒಟ್ಟಾಗಿ ಬಂದು ಕೇಳಿದರು. ಈಗ ಅವರು ನೀರು ಸೇದುವ ಬಾವಿಗೆ ಮುಳ್ಳು ಹಾಕಿಸಬೇಕೆಂದಿದ್ದ. ಗುರುವಿನ ಅಪ್ಪಣೆಯೂ ಇರಲಿ ಎಂದು ಬಂದಿದ್ದ.

ಗುರು ಅವನಿಗೆ ಕೂರು ಎನ್ನಲಿಲ್ಲ. ನಿಂತೇ ಕೇಳು ಎಂದು ಹೇಳತೊಡಗಿದ.

ಒಬ್ಬ ತೊಗಲಿನ ವ್ಯಾಪಾರಿಯಿದ್ದ. ಹಸಿ ತೊಗಲು ಕೊಂಡು ತಂದು, ಉಪ್ಪು ತಿಕ್ಕಿಸಿ, ಒಂದರ ಮೇಲೊಂದು ಪೇರಿಸಿಡುತ್ತಿದ್ದ. ಉಪ್ಪು ಕಾಣದ ತೊಗಲು ಕೊಳೆಯುತ್ತದೆ. ಕೊಳೆಸುವವು ಕಣ್ಣಿಗೆ ಕಾಣದ ಜೀವಾಣುಗಳು. ಅವುಗಳ ಮೈಯೆಂದರೆ ಒಂದು ತೆಳು ಪೊರೆ, ಒಳಗೆ ಚೂರು ನೀರು, ಅಷ್ಟೆ. ಹೊರಗೆ ಉಪ್ಪು ಏರಿದರೆ ಒಳಗಿನ ನೀರು ಪೊರೆ ದಾಟಿ ಹೊರಟುಹೋಗುತ್ತದೆ. ಜೀವಾಣು ಮುದುಡುತ್ತದೆ. ಇದ್ದ ಶಕ್ತಿಯೆಲ್ಲ ಉಳಿದ ನೀರನ್ನು ಹಿಡಿದುಕೊಳ್ಳುವುದರಲ್ಲೇ ಮುಗಿಯುತ್ತದೆ. ಅದು ಬೆಳೆಯುವುದಿಲ್ಲ, ಒಂದಿದ್ದದ್ದು ಎರಡಾಗುವುದಿಲ್ಲ. ಉಪ್ಪು ಇನ್ನೂ ಏರಿದರೆ ಸಾಯುತ್ತದೆ.

ವ್ಯಾಪಾರಿ ಜೀವಾಣುಗಳನ್ನು ಕಂಡವನಲ್ಲ. ಉಪ್ಪು ಹಾಕಿದ ತೊಗಲು ಉಳಿಯುವುದನ್ನು ಕಂಡಿದ್ದ. ಅದರಿಂದ ಅವನು ಕಲಿತ ಪಾಠ ಒಂದೇ. ಏನು ಕೆಟ್ಟರೂ ಅದು ಉಪ್ಪು ಸಾಲದ್ದರಿಂದ ಕೆಟ್ಟಿತು.

ಉಪ್ಪು ತಿಕ್ಕಲು ಒಬ್ಬ ಹೆಂಗಸಿದ್ದಳು. ಅವಳ ಅಂಗೈ ಸೀಳಿ ಹೋಗಿತ್ತು. ಸೀಳಿನೊಳಗೆ ಉಪ್ಪು ಇಳಿಯುತ್ತಿತ್ತು. ಕೆಲಸ ಮುಗಿದ ಮೇಲೆ ಕೈ ತೊಳೆಯಲು ಒಂದು ಕೊಡ ಸಿಹಿನೀರು ಕೊಡಿ ಎಂದು ಅವಳು ಕೇಳುತ್ತಲೇ ಇದ್ದಳು. ತೊಗಲಿಗೆ ನೀರೇ ಶತ್ರು, ಅಂಗಳದಲ್ಲಿ ಒಂದು ಹನಿಯೂ ಬೀಳಕೂಡದು ಎಂದು ಅವನು ಗದರುತ್ತಲೇ ಇದ್ದ. ಸತ್ತ ದನದ ಚರ್ಮಕ್ಕೆ ಅಷ್ಟು ಕಾವಲು. ಬದುಕಿದ್ದವಳ ಚರ್ಮಕ್ಕೆ ಒಂದು ಚೊಂಬು ನೀರಿಲ್ಲ.

ಒಂದು ಬೇಸಗೆಯಲ್ಲಿ ತೊಗಲಿನ ಮೇಲೆ ಕೆಂಪು ಕಲೆಗಳು ಎದ್ದವು.

“ಉಪ್ಪು ಕದ್ದೆಯಲ್ಲೇ!” ಎಂದು ವ್ಯಾಪಾರಿ ಅವಳ ಮೇಲೆ ಹರಿಹಾಯ್ದ. “ಉಪ್ಪು ತಿಂದ ಮನೆಗೇ ಎರಡು ಬಗೆದೆಯಾ?”

“ನಿಮ್ಮ ಉಪ್ಪು ತಿನ್ನೋದಾ ಸಾಹುಕಾರರೇ?” ಎಂದು ಅವಳು ನಕ್ಕುಬಿಟ್ಟಳು. “ಹೋದ ವರ್ಷದ ತೊಗಲಿಂದ ಉದುರಿದ್ದನ್ನು ಗುಡಿಸಿಟ್ಟು, ರಕ್ತ ಕೊಬ್ಬು ಸಮೇತ ಈ ವರ್ಷಕ್ಕೂ ಹಾಕಿಸ್ತೀರಿ. ನಾಯಿ ಕೂಡ ಮೂಸಿ ತಿರುಗಿ ಹೋಗುತ್ತೆ. ಕದ್ದು ಯಾವ ಸಾರಿಗೆ ಹಾಕಲಿ?”

“ನಾಲಿಗೆ ಉದ್ದವಾಯಿತು ನಿನಗೆ. ಅದಕ್ಕೂ ಉಪ್ಪು ಹಾಕಿಸ್ತೀನಿ.”

“ಹಾಕಿಸಿ. ಕೈಗೆ ಹಾಕಿಸಿದ್ದು ಸಾಲಲಿಲ್ಲ, ಪಾಪ.”

ಅವಳನ್ನು ಹೊರಗೆ ದಬ್ಬಿಸಿದ. ಅವಳ ಪರವಾಗಿ ಮಾತಾಡಿದವರನ್ನೂ ದಬ್ಬಿಸಿದ. ತೊಗಲಿನ ಮೇಲೆ ಮತ್ತಷ್ಟು ಉಪ್ಪು ಸುರಿಸಿದ. ಕೆಂಪು ಹರಡಿತು. ಇನ್ನೂ ಸುರಿಸಿದ. ಕೆಂಪು ಗೋದಾಮಿನ ಗೋಡೆಯವರೆಗೆ ಹೋಯಿತು.

“ಅಷ್ಟು ಉಪ್ಪು ಹಾಕಿದರೂ ಹರಡಿತೇ?” ಎಂದು ಶಿಷ್ಯ ನಡುವೆ ಬಾಯಿ ಹಾಕಿದ.

“ಹಾಕಿದ್ದಕ್ಕೇ ಹರಡಿತು,” ಎಂದು ಗುರು ಮುಂದುವರಿಸಿದ.

ಆ ಕೆಂಪು ಬಂದದ್ದೇ ಉಪ್ಪಿನ ಜೊತೆಯಲ್ಲಿ. ಅದೂ ಜೀವಾಣುವೇ, ಬೇರೆ ಬಗೆಯದು. ಒಳಗಿನ ನೀರನ್ನು ಉಪ್ಪು ಎಳೆಯಬೇಕಾದರೆ ಅದು ಹೊರಗೆ ಹೆಚ್ಚಿರಬೇಕು, ಒಳಗೆ ಕಡಿಮೆಯಿರಬೇಕು. ಇವು ಹೊರಗೆ ಇದ್ದಷ್ಟೇ ಉಪ್ಪನ್ನು ಒಳಗೂ ತುಂಬಿಕೊಂಡಿದ್ದವು. ಇವುಗಳಿಂದ ಕಿತ್ತುಕೊಳ್ಳಲು ಉಪ್ಪಿಗೆ ಏನೂ ಉಳಿದಿರಲಿಲ್ಲ. ಉಪ್ಪು ತಾಳದ ಮೆತ್ತನೆಯವನ್ನೆಲ್ಲ ವ್ಯಾಪಾರಿ ತನ್ನ ಕೈಯಾರೆ ಕೊಂದು, ಇಡೀ ತೊಗಲನ್ನು ಇವುಗಳಿಗೆ ಬಿಟ್ಟುಕೊಟ್ಟಿದ್ದ. ಸಿಹಿನೀರು ಬಿದ್ದಿದ್ದರೆ ಅದು ಒಳಗೆ ನುಗ್ಗಿ ಇವು ಒಡೆದುಹೋಗುತ್ತಿದ್ದವು. ನೆಲಕ್ಕಾಗಲಿ ಗೋಡೆಗಾಗಲಿ ಅವನು ಅದನ್ನು ಸೋಕಿಸಿದವನೇ ಅಲ್ಲ. ತೊಗಲೆಲ್ಲ ಹೊರಮೈ ಎದ್ದು ಹಾಳಾಯಿತು. ವ್ಯಾಪಾರಿ ಗೋದಾಮಿನ ಬಾಗಿಲಲ್ಲಿ ನಿಂತು ಇನ್ನೂ ಕೂಗುತ್ತಿದ್ದ, ಉಪ್ಪು ತನ್ನಿ, ಉಪ್ಪು ತನ್ನಿ ಎಂದು. ತರಲು ಒಬ್ಬ ಆಳೂ ಉಳಿದಿರಲಿಲ್ಲ.

ಗುರು ಕತೆ ನಿಲ್ಲಿಸಿದ. ಶಿಷ್ಯನ ಮುಖ ಅರಳಿತು.

“ತಿಳಿಯಿತು ಗುರುಗಳೇ. ಮುಳ್ಳು ಬೇಡ. ನಾಲ್ಕು ದಿನ ಸಿಹಿನೀರು ಕುಡಿಸಿ, ಸಿಹಿಮಾತು ಆಡಿದರೆ ಅವರ ಒಗ್ಗಟ್ಟು ತಾನಾಗಿ ಒಡೆಯುತ್ತದೆ. ಆಮೇಲೆ ಬೇಕಾದಂತೆ ಮಾಡಬಹುದು. ಬಾವಿ ಹೇಗಿದ್ದರೂ ನನ್ನದೇ ತಾನೆ?”

ಗುರು ಎದ್ದು ನಿಂತು ಹೇಳಿದ: “ಅದನ್ನು ತೋಡುವಾಗ ಗುದ್ದಲಿ ಹಿಡಿದು ಒಳಗಿಳಿದವನು ನಿಮ್ಮಪ್ಪನೇನೋ?”