ಗಾಳಿ ನಿಲ್ಲಿಸಿದ ವರ್ತಕ

“ನನ್ನ ಕೋಪ ಪೂರ್ತಿ ಹೋಗಿದೆ, ಗುರುಗಳೇ. ಇನ್ನೂ ಯಾಕೆ ನನಗೆ ಶಾಖಾಮಠದ ಹೊಣೆ ಒಪ್ಪಿಸುತ್ತಿಲ್ಲ?” ಎಂದು ಶಿಷ್ಯ ಕೊಟ್ರಯ್ಯ ಕೇಳಿದ.

“ಆ ಮಠಕ್ಕೆ ಬರುವ ಭಕ್ತರು ಭಾರಿ ಜಗಳಗಂಟರಪ್ಪ” ಎಂದರು ಗುರುಗಳು.

“ಬರಲಿ ಬಿಡಿ. ಒಂದು ವರ್ಷವಾಯಿತು, ನಾನು ಯಾರ ಮೇಲೂ ದನಿ ಎತ್ತಿಲ್ಲ. ನನಗೇ ಆಶ್ಚರ್ಯ.”

“ನನಗೂ” ಎಂದ ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಬೆಲ್ಲದ ವರ್ತಕನಿದ್ದ. ಅಂಗಡಿ ಚೆನ್ನಾಗಿ ನಡೆಯುತ್ತಿತ್ತು. ಮಕ್ಕಳು ದಡ ಸೇರಿದ್ದರು. ಇನ್ನು ತೆಪ್ಪಗೆ ಇರಬಹುದಿತ್ತು. ಆದರೆ ಐವತ್ತು ದಾಟಿದ ಮೇಲೆ ಅವನಿಗೆ ವಿಮಾನ ಹಾರಿಸುವ ಹುಚ್ಚು ಹಿಡಿಯಿತು. ಪೇಟೆಯಲ್ಲಿ ಎಲ್ಲರ ಮುಂದೆ, ಯುಗಾದಿಯೊಳಗೆ ಒಬ್ಬನೇ ವಿಮಾನ ಹಾರಿಸುತ್ತೇನೆ ಎಂದುಬಿಟ್ಟ. ಹೇಳಿದ ಮೇಲೆ ಹಾರಿಸಲೇಬೇಕು. ಇಲ್ಲದಿದ್ದರೆ ಪೇಟೆಯಲ್ಲಿ ತಲೆ ಎತ್ತಿ ಓಡಾಡುವಂತಿಲ್ಲ.

ವಿಮಾನ ಕಲಿಸುವ ಶಾಲೆಗೆ ಹೋದ. ಅಲ್ಲಿನ ತರಬೇತುದಾರ ಅವನನ್ನು ವಿಮಾನದ ಹತ್ತಿರಕ್ಕೂ ಬಿಡಲಿಲ್ಲ. ಒಂದು ಕೋಣೆಗೆ ಕರೆದುಕೊಂಡು ಹೋಗಿ ಸಿಮ್ಯುಲೇಟರ್‌ನಲ್ಲಿ ಕೂರಿಸಿದ. ವಿಮಾನದ್ದೇ ಸೀಟು, ಹಿಡಿಕೋಲು, ಕಾಲಿಗೆ ಪೆಡಲ್, ಎದುರಿಗೆ ದೊಡ್ಡ ಪರದೆ. ಪರದೆಯಲ್ಲಿ ರನ್‌ವೇ ಓಡುತ್ತದೆ, ಆಕಾಶ ವಾಲುತ್ತದೆ. ಕುಳಿತವನು ಮಾತ್ರ ನೆಲದ ಮೇಲೆಯೇ ಇರುತ್ತಾನೆ. ವಿಮಾನ ಬಿದ್ದರೆ ಪರದೆ ಕಪ್ಪಾಗುತ್ತದೆ. ಮರುಕ್ಷಣ ಅದು ಮತ್ತೆ ರನ್‌ವೇಯ ತುದಿಯಲ್ಲಿ ಮದುವಣಗಿತ್ತಿಯ ಹಾಗೆ ನಿಂತಿರುತ್ತದೆ. ವರ್ತಕನಿಗೆ ಈ ಏರ್ಪಾಡು ಬಹಳ ಹಿಡಿಸಿತು.

ಅದು ಮೂತಿಯಲ್ಲಿ ಪ್ರೊಪೆಲ್ಲರ್ ತಿರುಗುವ ಪುಟ್ಟ ತರಬೇತಿ ವಿಮಾನ. ಎಂಜಿನ್ ಜೋರು ಮಾಡಿದರೆ ಮೂತಿ ತಾನಾಗಿಯೇ ಎಡಕ್ಕೆ ಎಳೆಯುತ್ತದೆ. ಬಲಗಾಲಿನ ಪೆಡಲ್ ಒತ್ತಿ ಅದನ್ನು ನೇರ ಮಾಡಬೇಕು. ವರ್ತಕ ಇದನ್ನು ಶ್ರದ್ಧೆಯಿಂದ ಕಲಿತ. ಎಷ್ಟು ಶ್ರದ್ಧೆ ಎಂದರೆ, ಅಂಗಡಿಯಲ್ಲಿ ಗಿರಾಕಿ ದನಿ ಜೋರು ಮಾಡಿದರೂ ಗಲ್ಲಾದ ಕೆಳಗೆ ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಸೋಮಾರಿಯಲ್ಲ ಕಣಪ್ಪ ಅವನು. ಅಷ್ಟನ್ನು ಒಪ್ಪಲೇಬೇಕು.

ಆದರೆ ಇಳಿಸುವಾಗ ಗಾಳಿ ಕಾಡುತ್ತಿತ್ತು. ಸಿಮ್ಯುಲೇಟರ್‌ನಲ್ಲಿ ಗಾಳಿಯ ಆಟವೂ ಇರುತ್ತದೆ. ಅದು ಪಕ್ಕದಿಂದ ಬಂದು ವಿಮಾನವನ್ನು ರನ್‌ವೇಯಿಂದ ಆಚೆ ತಳ್ಳುತ್ತಿತ್ತು. ಪ್ರತಿ ಸಲವೂ ಪರದೆ ಕಪ್ಪು. ಸೀಟಿನ ಬಲಕ್ಕೆ, ಕೈಗೆ ಎಟುಕುವಲ್ಲಿ, ಗಾಳಿಯನ್ನು ಹೆಚ್ಚು ಕಡಿಮೆ ಮಾಡಲು ತಿರುಗಿಸುವ ಒಂದು ದುಂಡನೆಯ ಗುಂಡಿ ಇತ್ತು. ಅದು ಕಲಿಸುವವರು ಮುಟ್ಟಬೇಕಾದ ಗುಂಡಿ. ಇವತ್ತೊಂದು ದಿನ ಎಂದುಕೊಂಡು ವರ್ತಕ ಅದನ್ನು ಎಡಕ್ಕೆ ತಿರುಗಿಸಿದ. ಗಾಳಿ ನಿಂತಿತು. ವಿಮಾನ ನಯವಾಗಿ ಇಳಿಯಿತು.

ಮರುದಿನವೂ ಕುಳಿತ ಕೂಡಲೇ ಕೈ ಅಲ್ಲಿಗೇ ಹೋಯಿತು. ಬರಬರುತ್ತ ಬೆಲ್ಟು ಕಟ್ಟಿಕೊಳ್ಳುವುದೂ ಗುಂಡಿ ತಿರುಗಿಸುವುದೂ ಒಂದೇ ಅಭ್ಯಾಸವಾಯಿತು. ಗಾಳಿಯನ್ನು ನಿಲ್ಲಿಸಿದವನು ತಾನು ಎಂಬುದೇ ಅವನಿಗೆ ಮರೆತುಹೋಯಿತು. ತನ್ನ ಕೈ ಪಳಗಿದೆ ಎಂದು ಮನಸಾರೆ ನಂಬಿದ. ಪೈಲಟ್‌ಗಳೆಲ್ಲ ಸುಮ್ಮನೆ ದೊಡ್ಡ ವಿದ್ಯೆಯ ಹಾಗೆ ಆಡುತ್ತಾರೆ ಎಂದು ಪೇಟೆಯಲ್ಲಿ ಹೇಳುತ್ತ ತಿರುಗಿದ.

ಒಂದು ದಿನ ಹೆಂಡತಿಯನ್ನು ಕರೆತಂದು ತೋರಿಸಿದ. ಆಕೆ ಹಿಂದೆ ಕುಳಿತು ನೋಡಿದಳು.

“ಇಷ್ಟು ಮ್ಯಾಲೆ ಬಂದೀವಿ, ಒಂಚೂರೂ ಗಾಳಿ ಇಲ್ಲಲ್ರೀ?” ಎಂದಳು.

“ಅದಕ್ಕ ಕೈಚಳಕ ಅಂತಾರ” ಎಂದ ವರ್ತಕ.

ತರಬೇತುದಾರನೂ ಬಾಗಿಲಲ್ಲಿ ನಿಂತು ನೋಡಿ ತಲೆದೂಗಿದ. ಕಲಿಸುವವರೆಂದರೆ ಎಲ್ಲವನ್ನೂ ಕಾಣುವವರು ಎಂದು ತಿಳಿಯಬೇಡ. ನಾಳೆ ನಿಜವಾದ ವಿಮಾನದಲ್ಲಿ ಇಬ್ಬರೂ ಹೋಗೋಣ, ಚೆನ್ನಾಗಿ ಇಳಿಸಿದರೆ ಅದರ ಮುಂದಿನ ಸಲ ನೀವೊಬ್ಬರೇ ಹಾರಿಸಿ ಎಂದು ಮಾತು ಕೊಟ್ಟ. ವರ್ತಕನಿಗೆ ಬೇಕಾಗಿದ್ದುದೂ ಅದೇ.

ಮರುದಿನ ಪೇಟೆಯವರೆಲ್ಲ ಹಾರ ಹಿಡಿದು ಬೇಲಿಯ ಆಚೆ ನಿಂತರು. ಎಡಗಡೆಯ ಸೀಟಿನಲ್ಲಿ ವರ್ತಕ, ಬಲಗಡೆಯ ಸೀಟಿನಲ್ಲಿ ತರಬೇತುದಾರ. ಎಂಜಿನ್ ಅಬ್ಬರಿಸಿತು. ಮೂತಿ ಎಡಕ್ಕೆ ಎಳೆಯಿತು. ವರ್ತಕನ ಬಲಗಾಲು ತಾನಾಗಿಯೇ ಒತ್ತಿತು. ವಿಮಾನ ನೇರವಾಗಿ ಏರಿತು. ತರಬೇತುದಾರನಿಗೆ ಸಂತೋಷವಾಯಿತು. ಬೇಲಿಯವರು ಚಪ್ಪಾಳೆ ತಟ್ಟಿದರು.

ಇಳಿಯುವ ಹೊತ್ತಿಗೆ ಪಕ್ಕದಿಂದ ಗಾಳಿ ಬೀಸಿತು. ದೊಡ್ಡ ಗಾಳಿಯೇನಲ್ಲ. ಬಟ್ಟೆ ಒಣಗಲು ಸಾಕಾಗುವಷ್ಟು. ರೆಕ್ಕೆ ವಾಲಿತು. ರನ್‌ವೇ ಒಂದು ಮಗ್ಗುಲಿಗೆ ಸರಿಯಿತು. ವರ್ತಕ ಎಡಗೈಯಲ್ಲಿ ಹಿಡಿಕೋಲು ಹಿಡಿದು ಬಲಗೈಯಿಂದ ಪಕ್ಕದಲ್ಲಿ ತಡಕಾಡಿದ. ದುಂಡನೆಯದೊಂದು ಕೈಗೆ ಸಿಕ್ಕಿತು. ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಅದನ್ನು ಎಡಕ್ಕೆ ತಿರುಗಿಸಿದ.

“ಅಯ್ಯಯ್ಯೋ! ಅದು ನನ್ನ ಮೊಣಕಾಲು, ಬಿಡ್ರೀ!” ಎಂದು ತರಬೇತುದಾರ ಕಿರುಚಿದ.

“ಮೊದ್ಲು ಗಾಳಿ ಕಮ್ಮಿ ಮಾಡ್ರೀ ಸಾರ್, ಗಾಳಿ ಕಮ್ಮಿ ಮಾಡ್ರೀ!” ಎಂದು ವರ್ತಕ ಅವನಿಗಿಂತ ಜೋರಾಗಿ ಕಿರುಚಿದ. ಮೊಣಕಾಲನ್ನು ಬಿಡಲಿಲ್ಲ.

ತರಬೇತುದಾರ ತನ್ನ ಕಡೆಯ ಹಿಡಿಕೋಲು ಹಿಡಿದು, ಉಳಿದ ಒಂದು ಕಾಲಿನಲ್ಲಿ ಹೇಗೋ ವಿಮಾನವನ್ನು ಇಳಿಸಿದ. ಇಬ್ಬರೂ ಬದುಕಿಕೊಂಡರು. ವರ್ತಕ ಕೆಳಗಿಳಿದು ಹುಲ್ಲಿನ ಮೇಲೆ ಕುಸಿದ. ಇಲ್ಲಿ ಬಿದ್ದಿದ್ದರೆ ಮತ್ತೆ ರನ್‌ವೇಯ ತುದಿಯಲ್ಲಿ ಏಳುತ್ತಿರಲಿಲ್ಲ ಎಂಬುದು ಆಗ ಅವನಿಗೆ ಹೊಳೆಯಿತು. ಗಟ್ಟಿಯಾಗಿ ಅತ್ತುಬಿಟ್ಟ. ಒಬ್ಬನೇ ಹಾರಿಸುವ ಮಾತು ಅಲ್ಲಿಗೆ ಮುಗಿಯಿತು. ಹಾರ ತಂದವರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ತಂದದ್ದು ಬಾಡುತ್ತದಲ್ಲ ಎಂದು, ಕುಂಟುತ್ತ ಬಂದ ತರಬೇತುದಾರನ ಕೊರಳಿಗೇ ಹಾಕಿದರು.

ವರ್ತಕ ಕಣ್ಣೊರೆಸಿಕೊಂಡು ಎದ್ದ. “ನಿಮ್ಮ ವಿಮಾನನೇ ಸರಿ ಇಲ್ರೀ. ಇದರಾಗ ಗಾಳಿ ಗುಂಡಿನೇ ಇಟ್ಟಿಲ್ಲ” ಎಂದು ದೂರಿದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಕೊಟ್ರಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ.

“ಎಂಥ ಪೆದ್ದ, ಗುರುಗಳೇ! ಗಾಳಿ ನಿಲ್ಲಿಸಿಕೊಂಡವನು ತಾನು. ಅದನ್ನೇ ಮರೆತು, ಕೈ ಪಳಗಿದೆ ಅಂದುಕೊಂಡನಲ್ಲ!”

ಗುರುಗಳು ಅವನ ನಗು ಮುಗಿಯುವವರೆಗೆ ಕಾದರು.

“ಅಡುಗೆಮನೆಯವರ ಕಿರಿಕಿರಿ ತಾಳಲಾರೆ, ಹೂದೋಟದ ಕೆಲಸಕ್ಕೆ ಹಾಕಿ ಎಂದು ಹೋದ ವರ್ಷ ನನ್ನ ಕಾಲಿಗೆ ಬಿದ್ದವನು ನೀನು, ಅಲ್ಲಿ ಯಾವ ದಾಸವಾಳ ನಿನ್ನನ್ನು ಬೈದಿದೆ ಹೇಳು, ಕೊಟ್ರಯ್ಯ.”